ನಲವತ್ತು ಸಾವಿರ ಓಡಿದ ಪೋರ್ಷೆಯನ್ನೇ ಏಕೆ ಕೊಂಡೆ

ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರುಗಳ ಪೇಟೆಯಲ್ಲಿ ಬೇರೂರಿರುವ ನಂಬಿಕೆಯೊಂದಿದೆ: ಕಾರು ಎಷ್ಟು ಕಡಿಮೆ ಓಡಿದೆಯೋ ಅಷ್ಟು ಶ್ರೇಷ್ಠ. ಹತ್ತು ವರ್ಷ ಹಳೆಯದಾಗಿ ಒಂಬತ್ತು ಸಾವಿರ ಕಿಲೋಮೀಟರ್ ಮಾತ್ರ ಓಡಿರುವ ಗಾಡಿಯನ್ನು ತೋರಿಸುವಾಗ ಬ್ರೋಕರ್ ದನಿಯೇ ಬದಲಾಗುತ್ತದೆ; ‘ಡಾಕ್ಟರ್ ಇಟ್ಕೊಂಡಿದ್ದ ಗಾಡಿ ಸಾರ್, ಮಳೇನೇ ಕಂಡಿಲ್ಲ’ ಎಂಬ ಮಾತೂ ಅದರ ಹಿಂದೆಯೇ ಬರುತ್ತದೆ. 2023ರಲ್ಲಿ ನನ್ನ ಮೊದಲ ಸ್ಪೋರ್ಟ್ಸ್ ಕಾರಾಗಿ 2013ರ ಪೋರ್ಷೆ ಬಾಕ್ಸ್‌ಸ್ಟರ್ ಒಂದನ್ನು ಕೊಳ್ಳುವಾಗ ನಾನು ಇಂಥ ಮಳೆ ಕಾಣದ ಗಾಡಿಗಳನ್ನೆಲ್ಲ ಬದಿಗಿಟ್ಟು, ನಲವತ್ತು ಸಾವಿರ ಕಿಲೋಮೀಟರ್ ದಾಟಿದ್ದ, ಮುಂದಿನ ಬಂಪರಿನ ತುಂಬ ಕಲ್ಲು ಸಿಡಿದ ಗುರುತುಗಳಿದ್ದ ಕಾರನ್ನು ಆರಿಸಿಕೊಂಡೆ. ಪರಿಚಿತರಲ್ಲಿ ಹಲವರಿಗೆ ಈ ಆಯ್ಕೆ ಇಂದಿಗೂ ಒಪ್ಪಿಗೆಯಾಗಿಲ್ಲ. ಹಳೆಯ ಸ್ಪೋರ್ಟ್ಸ್ ಕಾರಿನ ಆಸೆಯುಳ್ಳವರು ಆಗಾಗ ಕೇಳುವುದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆದಿಡುತ್ತಿದ್ದೇನೆ.

ಮೊದಲು ಈ ಕಾರಿನ ಬಗ್ಗೆ ನಾಲ್ಕು ಮಾತು. ಪೋರ್ಷೆ ಸಂಸ್ಥೆ 1993ರ ಡೆಟ್ರಾಯ್ಟ್ ಮೋಟಾರು ಪ್ರದರ್ಶನದಲ್ಲಿ ಛಾವಣಿ ಮಡಚಿಕೊಳ್ಳುವ, ಇಬ್ಬರೇ ಕೂರುವ ಬಾಕ್ಸ್‌ಸ್ಟರ್‌ನ ಮಾದರಿಯನ್ನು ತೋರಿಸಿ, 1996ರಲ್ಲಿ ಅದರ ಉತ್ಪಾದನೆ ಆರಂಭಿಸಿತು. ಆಗ ಹಣಕಾಸಿನ ಸಂಕಟದಲ್ಲಿದ್ದ ಕಂಪನಿಯನ್ನು ಮೇಲೆತ್ತಿದ ಕಾರುಗಳಲ್ಲಿ ಇದು ಮುಖ್ಯವಾದದ್ದು. ಪೋರ್ಷೆಯದೇ ಹೆಸರಾಂತ 911 ಕಾರಿನಲ್ಲಿ ಎಂಜಿನ್ ಹಿಂದಿನ ಆಕ್ಸಲ್‌ನ (ಚಕ್ರಗಳ ಅಚ್ಚಿನ) ಆಚೆಗೆ ಕೂತಿರುತ್ತದೆ. ಇದರಲ್ಲಿ ಸೀಟುಗಳ ಬೆನ್ನಿಗೇ, ಎರಡು ಆಕ್ಸಲ್‌ಗಳ ನಡುವೆ ಇರುತ್ತದೆ. ಹೀಗಾಗಿ ಸಾಮಾನಿಡಲು ಮುಂದೊಂದು, ಹಿಂದೊಂದು ಡಿಕ್ಕಿ. ಎಂಜಿನ್ ಮಾತ್ರ ಕಣ್ಣಿಗೆ ಬೀಳುವುದೇ ಇಲ್ಲ. ಹಿಂದಿನ ಡಿಕ್ಕಿ ತೆರೆದರೆ ಆಯಿಲ್ ಮತ್ತು ಕೂಲೆಂಟ್ ಹಾಕುವ ಎರಡು ಮುಚ್ಚಳಗಳು ಕಾಣುತ್ತವೆ, ಅಷ್ಟೆ. ಮನೆಗೆ ತಂದ ದಿನ ಮುಂದೆ, ಹಿಂದೆ ಎರಡೂ ಕಡೆ ಬಗ್ಗಿ ನೋಡಿದ ನನ್ನ ತಾಯಿ, ‘ಎಂಜಿನ್ನೇ ಇಲ್ವಲ್ಲೋ, ಇಬ್ಬರು ಕೂರೋ ಕಾರಿಗೆ ಇಷ್ಟು ದುಡ್ಡು ಕೊಟ್ಯಾ’ ಎಂದು ಕೇಳಿದ್ದರು. ಮೊದಲ ಭಾಗಕ್ಕೆ ಉತ್ತರ ಕೊಡುವುದು ಸುಲಭವಾಗಿತ್ತು.

ಬಾಕ್ಸ್‌ಸ್ಟರ್‌ನಲ್ಲೂ ಯಾವ ವರ್ಷದ್ದು ಎಂಬುದು ದೊಡ್ಡ ಪ್ರಶ್ನೆ. ಮೊದಲ ತಲೆಮಾರಿನ ಕಾರುಗಳಲ್ಲಿ ಮತ್ತು ಎರಡನೆಯ ತಲೆಮಾರಿನ 2008ರವರೆಗಿನ ಕಾರುಗಳಲ್ಲಿ ಎಂಜಿನ್ನಿನೊಳಗೆ ಇಂಟರ್‌ಮೀಡಿಯೆಟ್ ಶಾಫ್ಟ್ ಎಂಬುದೊಂದು ಇರುತ್ತದೆ. ಅದರ ಬೇರಿಂಗ್ ಸವೆದು ಒಡೆದರೆ ಇಡೀ ಎಂಜಿನ್ನೇ ಕೆಟ್ಟುಹೋಗುತ್ತದೆ. ಎಲ್ಲ ಕಾರುಗಳಲ್ಲೂ ಹೀಗಾಗುವುದಿಲ್ಲ, ಆದರೆ ಆಗದು ಎಂದು ಯಾವ ಮೆಕ್ಯಾನಿಕ್ಕೂ ಬರೆದುಕೊಡುವುದಿಲ್ಲ. 2009ರ ಮಾದರಿಯಿಂದ ಪೋರ್ಷೆ ಆ ಶಾಫ್ಟನ್ನೇ ಕೈಬಿಟ್ಟು ಹೊಸ ಎಂಜಿನ್ ಸರಣಿಯನ್ನು ತಂದಿತು. 2012ರಲ್ಲಿ ಬಂದ ಮೂರನೆಯ ತಲೆಮಾರು, ಅಂದರೆ ಕಾರುಪ್ರಿಯರು 981 ಎಂದು ಕರೆಯುವ ಮಾದರಿ, ಅದೇ ಸರಣಿಯ 2.7 ಲೀಟರಿನ ಆರು ಸಿಲಿಂಡರ್ ಎಂಜಿನ್ನಿನಿಂದ 265 ಅಶ್ವಶಕ್ತಿ ಕೊಡುತ್ತದೆ. ಇದರಲ್ಲಿ ಟರ್ಬೊ ಇಲ್ಲ, ಎಂಜಿನ್ನಿನ ವಾಲ್ವ್‌ಗಳನ್ನು ನಡೆಸುವ, ಆಗಾಗ ಬದಲಿಸಬೇಕಾದ ಟೈಮಿಂಗ್ ಬೆಲ್ಟ್ ಇಲ್ಲ, ಅದರ ಜಾಗದಲ್ಲಿ ಚೈನ್ ಇದೆ. ಹೆಸರಿಗೆ ಇದಕ್ಕಿಂತ ಗತ್ತಿನ ಇಟಲಿಯ ಕಾರುಗಳು ಹೆಚ್ಚುಕಡಿಮೆ ಇದರ ಎರಡರಷ್ಟು ದುಡ್ಡಿಗೆ ಸಿಗುತ್ತಿದ್ದವು. ಆದರೆ 2000ದ ಆಸುಪಾಸಿನ ಫೆರಾರಿ 360 ಮೊಡೆನಾದಂಥ ಕಾರಿಗೆ ಓಡಲಿ, ಬಿಡಲಿ, ಕೆಲವು ವರ್ಷಗಳಿಗೊಮ್ಮೆ ಟೈಮಿಂಗ್ ಬೆಲ್ಟ್ ಬದಲಿಸಲೇಬೇಕು. ಸಂಬಳದ ಮೇಲೆ ಬದುಕುವ ನನ್ನಂಥವನಿಗೆ ಅದು ಆಗುವ ಮಾತಲ್ಲ.

ಬೆಲೆಯ ವಿಷಯದಲ್ಲಿ ಹೊಸಬರು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಈ ಕಾರುಗಳೆಲ್ಲ ಜರ್ಮನಿಯಿಂದ ಪೂರ್ತಿ ತಯಾರಾಗಿ ಬಂದಂಥವು. 2013ರ ಬಜೆಟ್‌ನಲ್ಲಿ ಇಂಥ ದುಬಾರಿ ಕಾರುಗಳ ಆಮದು ಸುಂಕವನ್ನು ಶೇ 75ರಿಂದ ಶೇ 100ಕ್ಕೆ ಏರಿಸಲಾಯಿತು. ಅದರ ಮೇಲೆ ಕರ್ನಾಟಕದಲ್ಲಿ 20 ಲಕ್ಷಕ್ಕೂ ಹೆಚ್ಚಿನ ಬೆಲೆಯ ಕಾರಿಗೆ ಶೇ 18ರ ಜೀವಾವಧಿ ತೆರಿಗೆ. ಮೊದಲ ಮಾಲೀಕರು ಈ ಸುಂಕ, ತೆರಿಗೆ, ಮೊದಲ ಐದಾರು ವರ್ಷಗಳ ಬೆಲೆಕುಸಿತ ಎಲ್ಲವನ್ನೂ ನುಂಗಿಕೊಂಡಿರುತ್ತಾರೆ. ಆದ್ದರಿಂದಲೇ ಹತ್ತು ವರ್ಷದ ಬಾಕ್ಸ್‌ಸ್ಟರ್ ಹೊಸ ಫಾರ್ಚೂನರ್‌ಗೆ ಕೊಡುವ ಹಣಕ್ಕೆ ನಮ್ಮ ಕೈಗೆ ಸಿಗುತ್ತದೆ. ಕಾರಿನ ಬೆಲೆ ಹೀಗೆ ಇಳಿಯುತ್ತದೆ, ಬಿಡಿಭಾಗಗಳ ಬೆಲೆ ಮಾತ್ರ ಇಳಿಯುವುದಿಲ್ಲ. ವಾಟರ್ ಪಂಪ್‌ಗೆ ತಾನು ಹೊಸ ಕಾರಿಗೆ ಹೋಗುತ್ತಿದ್ದೇನೋ ಹಳೆಯದಕ್ಕೋ ಗೊತ್ತಿರುವುದಿಲ್ಲ. ಅದರ ಬೆಲೆ ಯಾವತ್ತೂ ಹೊಸ ಪೋರ್ಷೆಯ ಬೆಲೆಯೇ. ಹೀಗಾಗಿ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ನಾವು ನಿಜವಾಗಿ ಕೊಳ್ಳುವುದು ಮುಂದಿನ ಮೂರು ವರ್ಷಗಳ ರಿಪೇರಿ ಪಟ್ಟಿಯನ್ನು. ಆ ಪಟ್ಟಿ ಯಾವ ಕಾರಿನಲ್ಲಿ ಚಿಕ್ಕದು ಎಂದು ಹುಡುಕಲು ಹೊರಟಾಗಲೇ ನಿಂತ ಕಾರಿಗೂ ಓಡಿದ ಕಾರಿಗೂ ಇರುವ ವ್ಯತ್ಯಾಸ ನನಗೆ ಕಣ್ಣಿಗೆ ಕಟ್ಟಿದ್ದು.

ಒಂಬತ್ತು ಸಾವಿರ ಓಡಿದ್ದ ಕಾರೊಂದನ್ನು ಸದಾಶಿವನಗರದ ಬೇಸ್‌ಮೆಂಟ್ ಒಂದರಲ್ಲಿ ನೋಡಿದೆ. ಹೊದಿಕೆ ಸರಿಸಿದಾಗ ಬಿಳಿ ಬಣ್ಣ ಹೊಳೆಯುತ್ತಿತ್ತು, ಸೀಟಿನ ಚರ್ಮದಲ್ಲಿ ಒಂದು ಸುಕ್ಕೂ ಇರಲಿಲ್ಲ. ನಾನು ಕೆಳಗೆ ಕೂತು ಟಾರ್ಚ್ ಹಿಡಿದು ಟೈರುಗಳನ್ನು ನೋಡಿದೆ. ಪ್ರತಿ ಟೈರಿನ ಪಕ್ಕದಲ್ಲಿ ‘DOT’ ಎಂದು ಶುರುವಾಗುವ ಸಂಖ್ಯೆಯ ಕೊನೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರವನ್ನು, ಉಳಿದೆರಡು ವರ್ಷವನ್ನು ಹೇಳುತ್ತವೆ. ಅಲ್ಲಿ ‘4612’ ಎಂದಿತ್ತು, ಅಂದರೆ 2012ರ 46ನೆಯ ವಾರದ ಟೈರು, ಕಾರಿನ ಜತೆಗೇ ಜರ್ಮನಿಯಿಂದ ಬಂದದ್ದು. ಟೈರಿನ ಮೇಲಿನ ಗೀರುಗಳು ಇನ್ನೂ ಆಳವಾಗಿದ್ದವು, ಆದರೆ ಅವುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು ಸುತ್ತಲೂ ಹರಡಿದ್ದವು. ಉಗುರಿನಿಂದ ಒತ್ತಿದರೆ ರಬ್ಬರು ಬಗ್ಗುತ್ತಿರಲಿಲ್ಲ. ಬ್ರೇಕ್ ಡಿಸ್ಕ್‌ನ ಅಂಚಿಗೆ ತುಕ್ಕಿನ ಬಳೆ ಕಟ್ಟಿತ್ತು. ಸರ್ವಿಸ್ ಪುಸ್ತಕದಲ್ಲಿ ಮೊದಲ ಮೂರು ವರ್ಷದ ಸೀಲುಗಳಿದ್ದು ಆಮೇಲಿನ ಪುಟಗಳು ಖಾಲಿಯಾಗಿದ್ದವು. ಕೇಳಿದಾಗ ಬಂದ ಉತ್ತರ: ‘ಓಡ್ಸೇ ಇಲ್ವಲ್ಲ ಸಾರ್, ಸರ್ವಿಸ್ ಯಾಕೆ?’

ಈ ಒಂದು ವಾಕ್ಯದಲ್ಲೇ ಎಲ್ಲ ಇದೆ. ಬ್ರೇಕ್ ಆಯಿಲ್ ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತದೆ, ಆದ್ದರಿಂದ ಕಾರು ಓಡಲಿ ಬಿಡಲಿ ಅದನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಎಂಜಿನ್ ಆಯಿಲ್ ಕೂಡ ವರ್ಷದ ಲೆಕ್ಕದಲ್ಲಿ ಹಳತಾಗುತ್ತದೆ. ರಬ್ಬರ್ ಸೀಲುಗಳು, ಬುಷ್‌ಗಳು, ಹೋಸ್‌ಗಳು ಬಿಸಿಯಾಗಿ, ಎಣ್ಣೆಯಲ್ಲಿ ನೆನೆದು ಮೃದುವಾಗಿರಬೇಕಾದವು. ನಿಂತಲ್ಲೇ ನಿಂತರೆ ಒಣಗಿ ಸೆಟೆದುಕೊಳ್ಳುತ್ತವೆ, ಮತ್ತು ಹೊಸ ಮಾಲೀಕ ಸಂಭ್ರಮದಿಂದ ಓಡಿಸಲು ಆರಂಭಿಸಿದ ಮೊದಲ ಆರು ತಿಂಗಳಲ್ಲಿ ಒಂದೊಂದಾಗಿ ಸೋರತೊಡಗುತ್ತವೆ. ಈಗಂತೂ ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಯುತ್ತಿದೆ. ಎಥನಾಲ್ ನೀರನ್ನು ಎಳೆದುಕೊಳ್ಳುವ ಗುಣದ್ದಾದ್ದರಿಂದ ತಿಂಗಳುಗಟ್ಟಲೆ ಅದನ್ನು ಟ್ಯಾಂಕಿನಲ್ಲಿಟ್ಟು ನಿಲ್ಲಿಸಿದ ಕಾರಿನ ಇಂಧನ ವ್ಯವಸ್ಥೆಯ ಬಗ್ಗೆ ನನಗೆ ನಂಬಿಕೆ ಬರುವುದಿಲ್ಲ. ವಾರಕ್ಕೊಮ್ಮೆ ಚೆನ್ನಾಗಿ ಬಿಸಿಯಾಗುವವರೆಗೆ ಓಡಿ, ಪ್ರತಿ ವರ್ಷ ಗ್ಯಾರೇಜು ಕಂಡು, ಸವೆದದ್ದನ್ನು ಸವೆದಾಗಲೇ ಬದಲಿಸಿಕೊಂಡ ಕಾರಿನಲ್ಲಿ ಇಂಥ ಖರ್ಚುಗಳನ್ನು ಹಿಂದಿನ ಮಾಲೀಕರು ಆಗಲೇ ಮಾಡಿ ಮುಗಿಸಿರುತ್ತಾರೆ. ಸದಾಶಿವನಗರದ ಕಾರಿಗೆ ಏಳೆಂಟು ಲಕ್ಷ ಹೆಚ್ಚು ಕೇಳುತ್ತಿದ್ದರು. ಕಾಸಿಗೆ ತಕ್ಕ ಕಜ್ಜಾಯ ಎಂಬ ಮಾತು ಈ ಪೇಟೆಯಲ್ಲಿ ನಡೆಯುವುದಿಲ್ಲ.

ಇನ್ನು ‘ಕಡಿಮೆ ಓಡಿದ್ದು’ ಎಂಬುದೇ ಎಷ್ಟು ನಿಜ ಎನ್ನುವುದು ಬೇರೆ ಪ್ರಶ್ನೆ. ಓಡೋಮೀಟರನ್ನು ಹಿಂದಕ್ಕೆ ತಿರುಗಿಸುವವರು ಎಲ್ಲೆಡೆ ಇದ್ದಾರೆ. ಆದರೆ ಪೋರ್ಷೆಯ ಎಂಜಿನ್ ಕಂಪ್ಯೂಟರು ಎಂಜಿನ್ ಎಷ್ಟು ಗಂಟೆ ಚಾಲೂ ಇತ್ತೆಂಬ ಲೆಕ್ಕವನ್ನು ಬೇರೆಯಾಗಿ ಇಟ್ಟಿರುತ್ತದೆ, ಸರಿಯಾದ ಡಯಾಗ್ನೋಸ್ಟಿಕ್ ಯಂತ್ರ ಜೋಡಿಸಿದರೆ ಅದು ತೆರೆಯ ಮೇಲೆ ಬರುತ್ತದೆ. ಕಿಲೋಮೀಟರನ್ನು ಆ ಗಂಟೆಗಳಿಂದ ಭಾಗಿಸಿ ನೋಡಿದರೆ ಸಾಕು. ನಾನು ಕೊಂಡ ಕಾರಿನದು ಗಂಟೆಗೆ 28 ಕಿಲೋಮೀಟರ್ ಬಂತು. ಊರಲ್ಲೂ ಹೆದ್ದಾರಿಯಲ್ಲೂ ಓಡಿದ ಬೆಂಗಳೂರಿನ ಕಾರಿಗೆ ಅದು ಹೊಂದುವ ಸಂಖ್ಯೆ. ಮತ್ತೊಂದು ಕಡೆ ನೋಡಿದ, ಮೀಟರಿನಲ್ಲಿ ಹದಿನೆಂಟು ಸಾವಿರ ತೋರಿಸುತ್ತಿದ್ದ ಕಾರಿನದು ಏಳೂವರೆ ಬಂತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ಮನೆ ಮಾಡಿಕೊಂಡಿದ್ದರೂ ಒಂದು ಕಾರು ತನ್ನ ಇಡೀ ಆಯುಷ್ಯವನ್ನು ಆ ವೇಗದಲ್ಲಿ ಕಳೆಯಲಾರದು. ಮಾರುವವರಿಗೆ ಅದನ್ನು ವಿವರಿಸುವ ಗೋಜಿಗೆ ಹೋಗದೆ ವಂದಿಸಿ ಬಂದೆವು.

ತಪಾಸಣೆಗೆ ನಾನು ಜತೆಗೆ ಕರೆದೊಯ್ದದ್ದು ಜರ್ಮನ್ ಕಾರುಗಳನ್ನೇ ನೋಡುವ ಸ್ವತಂತ್ರ ಗ್ಯಾರೇಜಿನ ಮೆಕ್ಯಾನಿಕ್ ಒಬ್ಬರನ್ನು. ಅವರ ಅರ್ಧ ದಿನದ ಶುಲ್ಕ ಕಾರಿನ ಬೆಲೆಯ ಮುಂದೆ ಏನೂ ಅಲ್ಲ. ಲಿಫ್ಟ್ ಮೇಲೇರಿಸಿ ಕೆಳಗಿನಿಂದ ನೋಡಲು ಒಪ್ಪದ ಮಾರಾಟಗಾರರ ಜತೆ ಮಾತು ಮುಂದುವರಿಸುವುದೇ ಬೇಡ. ಆ ಮೆಕ್ಯಾನಿಕ್ ಹೇಳಿಕೊಟ್ಟ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: 981ರ ಬಾಗಿಲುಗಳು, ಬಾನೆಟ್, ಹಿಂದಿನ ಡಿಕ್ಕಿಯ ಮುಚ್ಚಳ ಅಲ್ಯೂಮಿನಿಯಂನವು. ಅಪಘಾತದ ರಿಪೇರಿಯನ್ನು ಪತ್ತೆಹಚ್ಚಲು ಬಣ್ಣದ ದಪ್ಪ ಅಳೆಯುವ ಅಗ್ಗದ ಮೀಟರುಗಳು ಕಬ್ಬಿಣದ ಮೇಲಷ್ಟೇ ಕೆಲಸ ಮಾಡುತ್ತವೆ. ಅಲ್ಯೂಮಿನಿಯಂ ಮೇಲೆ ಅವು ಏನೂ ತೋರಿಸದಿದ್ದರೆ, ಪುಟ್ಟಿ ಹಾಕಿದ್ದಾರೆಂದು ಕೊಳ್ಳುವವನು ಬೆಚ್ಚುತ್ತಾನೆ ಇಲ್ಲವೇ ಮೀಟರ್ ಕೆಟ್ಟಿದೆ ಎಂದುಕೊಂಡು ಅಪಘಾತವಾದ ಕಾರನ್ನೇ ಕೊಳ್ಳುತ್ತಾನೆ. ಎರಡೂ ಲೋಹಗಳನ್ನು ಓದುವ ಮೀಟರನ್ನೇ ಒಯ್ಯಬೇಕು. ನನ್ನ ಕಾರಿನಲ್ಲಿ ಮುಂದಿನ ಬಂಪರ್ ಒಮ್ಮೆ ಮರುಬಣ್ಣ ಕಂಡಿತ್ತು, ಅದನ್ನು ಮಾಲೀಕರೇ ಮೊದಲು ಹೇಳಿದ್ದರು. ಅವರು ಹಳೆಯ ಬಿಲ್ಲುಗಳನ್ನೆಲ್ಲ ವರ್ಷವಾರು ಫೈಲಿನಲ್ಲಿ ಇಟ್ಟಿದ್ದರು. ಇಗ್ನಿಷನ್ ಕಾಯಿಲ್‌ಗಳು, ವಾಟರ್ ಪಂಪ್, ಥರ್ಮೋಸ್ಟಾಟ್ ಬದಲಿಸಿದ ಬಿಲ್ಲುಗಳು ಅದರಲ್ಲಿದ್ದವು. ಆ ಫೈಲನ್ನು ಓದಿದ ಮೇಲೆ ನಾನು ಬೆಲೆಗಾಗಿ ಹೆಚ್ಚು ಎಳೆದಾಡಲಿಲ್ಲ.

ಕಾಗದಪತ್ರದ ಮಾತನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ದೆಹಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಕಾರುಗಳಿಗೂ 10 ವರ್ಷ ದಾಟಿದ ಡೀಸೆಲ್ ಕಾರುಗಳಿಗೂ ನಿರ್ಬಂಧ ಬಂದ ಮೇಲೆ ಅಲ್ಲಿನ ಐಷಾರಾಮಿ ಕಾರುಗಳು ದಕ್ಷಿಣಕ್ಕೆ ಹರಿದು ಬರುತ್ತಿವೆ, ನೋಡಲು ಬೆಲೆಯೂ ಕಡಿಮೆ. ಆದರೆ ಮೂಲ ಆರ್‌ಟಿಒದಿಂದ ಎನ್‌ಒಸಿ ತಂದು, ಇಲ್ಲಿ ಕಾರಿನ ವಯಸ್ಸಿಗೆ ಅನುಗುಣವಾದ ಜೀವಾವಧಿ ತೆರಿಗೆ ಕಟ್ಟಿ, ಕೆಎ ನಂಬರ್ ಪಡೆದ ಮೇಲೆ ಉಳಿತಾಯ ಎಷ್ಟೆಂದು ಲೆಕ್ಕ ಹಾಕಬೇಕು. ಹೊರರಾಜ್ಯದ ನಂಬರಿನಲ್ಲೇ ಓಡಾಡಿಕೊಂಡಿರೋಣ ಎನ್ನುವವರು 2025ರ ಜುಲೈನಲ್ಲಿ ಆದದ್ದನ್ನು ನೆನಪಿಸಿಕೊಳ್ಳಲಿ: ಮಹಾರಾಷ್ಟ್ರದ ನೋಂದಣಿಯಲ್ಲಿ ಬೆಂಗಳೂರಿನಲ್ಲಿ ಓಡುತ್ತಿದ್ದ ಫೆರಾರಿಯೊಂದರ ಮಾಲೀಕರಿಂದ ಸಾರಿಗೆ ಅಧಿಕಾರಿಗಳು ದಂಡವೂ ಸೇರಿ ಸುಮಾರು 1.41 ಕೋಟಿ ರೂಪಾಯಿ ತೆರಿಗೆ ಕಟ್ಟಿಸಿಕೊಂಡರು. ನಾನು ಮೊದಲಿನಿಂದಲೂ ಕೆಎ ನಂಬರಿನ ಕಾರುಗಳನ್ನಷ್ಟೇ ನೋಡಿದೆ, ಆಯ್ಕೆ ಕಿರಿದಾದರೂ ನಿದ್ದೆ ಚೆನ್ನಾಗಿ ಬರುತ್ತದೆ. ಸಾಲದ ಬಗ್ಗೆ ಒಂದು ಮಾತು: ಹತ್ತು ವರ್ಷದ ಕಾರಿಗೆ ಬಹುತೇಕ ಬ್ಯಾಂಕುಗಳು ಸಾಲ ಕೊಡುವುದಿಲ್ಲ, ಕೂಡಿಟ್ಟ ಹಣದಿಂದಲೇ ಕೊಳ್ಳಬೇಕಾಗುತ್ತದೆ.

ಮನೆಗೆ ಬಂದ ಮೇಲಿನ ಬದುಕಿನಲ್ಲಿ ಮೊದಲ ಪಾಠ ಹಂಪ್‌ಗಳದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಆ ಅಳತೆಯ ಹಂಪ್ ಆಗಿದ್ದರೆ ಬಾಕ್ಸ್‌ಸ್ಟರ್ ನಿರಾಯಾಸವಾಗಿ ದಾಟುತ್ತದೆ. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಎದ್ದುನಿಲ್ಲುವ, ದಿಂಡಿನಂಥ ಹಂಪ್‌ಗಳಿಗೆ ಯಾವ ನಿಯಮವೂ ಇಲ್ಲ. ಅವುಗಳನ್ನು ಓರೆಯಾಗಿ, ಒಂದು ಚಕ್ರದ ಹಿಂದೆ ಇನ್ನೊಂದು ಚಕ್ರ ಏರುವಂತೆ ದಾಟಬೇಕು, ಹಿಂದಿನ ಬೈಕಿನವರು ಇದೇನೆಂದು ತಿಳಿಯದೆ ಹಾರ್ನ್ ಹೊಡೆಯುತ್ತಾರೆ. ಸಿಗ್ನಲ್‌ಗಳಲ್ಲಿ ಆಟೊದವರು ಕೇಳುವ ಪ್ರಶ್ನೆ ಒಂದೇ: ‘ಸಾರ್, ಮೈಲೇಜ್ ಎಷ್ಟು ಕೊಡುತ್ತೆ?’ ಊರೊಳಗೆ ಲೀಟರಿಗೆ ಆರು ಎಂದಾಗ ಅವರ ಮುಖದಲ್ಲಿ ನನ್ನ ಬಗ್ಗೆ ನಿಜವಾದ ಕನಿಕರ ಕಾಣುತ್ತದೆ.

ಬ್ಯಾಟರಿಯ ವಿಷಯ ಇದಕ್ಕಿಂತ ಗಂಭೀರವಾದದ್ದು. ಅದು ಮುಂದಿನ ಡಿಕ್ಕಿಯೊಳಗಿದೆ, ಮತ್ತು ಆ ಡಿಕ್ಕಿಯ ಬೀಗ ತೆರೆಯುವುದು ವಿದ್ಯುತ್ತಿನಿಂದ. ಬ್ಯಾಟರಿ ಪೂರ್ತಿ ಸತ್ತರೆ ಬ್ಯಾಟರಿಯನ್ನು ತಲುಪುವ ದಾರಿಯೇ ಮುಚ್ಚಿಹೋಗುತ್ತದೆ! ಇದಕ್ಕೆಂದೇ ಕಾಲಿಡುವ ಜಾಗದ ಪಕ್ಕದ ಫ್ಯೂಸ್ ಬಾಕ್ಸಿನಲ್ಲಿ ಎಳೆದರೆ ಹೊರಬರುವ ಕೆಂಪು ಪಿನ್ ಒಂದನ್ನು ಇಟ್ಟಿದ್ದಾರೆ. ಬೇರೆ ಬ್ಯಾಟರಿಯ ಪಾಸಿಟಿವ್ ತಂತಿಯನ್ನು ಅದಕ್ಕೆ, ನೆಗೆಟಿವ್ ಅನ್ನು ಬಾಗಿಲು ಸಿಕ್ಕಿಕೊಳ್ಳುವ ಲೋಹದ ಕೊಂಡಿಗೆ ಜೋಡಿಸಿ ಕೀಲಿಯ ಗುಂಡಿ ಒತ್ತಿದರೆ ಡಿಕ್ಕಿ ತೆರೆದುಕೊಳ್ಳುತ್ತದೆ. ಈ ಕಸರತ್ತು ಬೇಡವೆಂದರೆ ಬೇಸ್‌ಮೆಂಟಿನ ಪ್ಲಗ್ಗಿನಿಂದ ಸಣ್ಣ ಚಾರ್ಜರ್ ಹಾಕಿಡಬೇಕು, ಅದಕ್ಕೆ ಅಪಾರ್ಟ್‌ಮೆಂಟಿನ ಸಂಘದ ಒಪ್ಪಿಗೆ ಬೇಕು, ಸಂಘದ ಸಭೆಯಲ್ಲಿ ‘ಪೋರ್ಷೆ ಇಟ್ಟವರಿಗೆ ಪುಕ್ಕಟೆ ಕರೆಂಟೇ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ನಾನು ಸಬ್‌ಮೀಟರ್ ಹಾಕಿಸಿಕೊಂಡೆ. ತಿಂಗಳ ಬಿಲ್ಲು ಒಂದು ಕಾಫಿಯ ಬೆಲೆಯೂ ಆಗುವುದಿಲ್ಲ.

ಬೆಂಗಳೂರಿನ ಮರಗಳೂ ಈ ಕಾರಿಗೆ ಒಂದು ಲೆಕ್ಕ. ಬಟ್ಟೆಯ ಮೇಲ್ಛಾವಣಿ ಮಡಚಿಕೊಳ್ಳುವ ಜಾಗದ ಎರಡೂ ಬದಿಗೆ ಮಳೆನೀರು ಇಳಿದುಹೋಗುವ ಸಣ್ಣ ರಂಧ್ರಗಳಿವೆ. ಹೊಂಗೆಯ ಎಲೆ, ಗುಲ್‌ಮೊಹರಿನ ಹೂವಿನೆಸಳು ಅಲ್ಲಿ ಸೇರಿ ಕೊಳೆತು ಗೊಬ್ಬರವಾಗಿ ಕೂತರೆ ನೀರು ಒಳಗೆ ಹರಿಯುತ್ತದೆ. ಹಿಂದಿನ ತಲೆಮಾರಿನ ಬಾಕ್ಸ್‌ಸ್ಟರ್‌ಗಳಲ್ಲಿ ಸೀಟಿನಡಿಯ ಎಲೆಕ್ಟ್ರಾನಿಕ್ ಪೆಟ್ಟಿಗೆ ಹೀಗೆ ನೀರಿಗೆ ಸಿಕ್ಕಿ ಕಾರು ಸ್ಟಾರ್ಟ್ ಆಗದೆ ನಿಂತ ಉದಾಹರಣೆಗಳು ಬೇಕಾದಷ್ಟಿವೆ. ಪ್ರತಿ ಮೇ ತಿಂಗಳಲ್ಲಿ ತೆಳುವಾದ ಪ್ಲಾಸ್ಟಿಕ್ ಕೊಳವೆಯಿಂದ ಈ ರಂಧ್ರಗಳನ್ನು ಬಿಡಿಸಿ, ಒಂದು ಲೋಟ ನೀರು ಸುರಿದು, ಅದು ಕಾರಿನ ಕೆಳಗೆ ಬೀಳುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಮಳೆಗಾಲಕ್ಕೆ ಸಿದ್ಧವೆಂದುಕೊಳ್ಳುತ್ತೇನೆ. ಮುಂದಿನ ಬಂಪರಿನ ಎರಡು ಬಾಯಿಗಳ ಹಿಂದೆ ರೇಡಿಯೇಟರ್ ಹಾಗೂ ಎಸಿ ಕಂಡೆನ್ಸರ್ ಇವೆ. ಒಣ ಎಲೆ ಅಲ್ಲೂ ತುಂಬಿಕೊಂಡು ತೇವ ಹಿಡಿದಿಟ್ಟು ಲೋಹವನ್ನು ತಿನ್ನುತ್ತದೆ. ಎರಡು ವರ್ಷಕ್ಕೊಮ್ಮೆಯಾದರೂ ಬಂಪರ್ ಬಿಚ್ಚಿಸಿ ಶುಚಿಮಾಡಿಸಬೇಕು.

ಓಡಿಸುವ ಸುಖದ ಬಗ್ಗೆ ಬರೆಯದಿದ್ದರೆ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಮೈಸೂರಿನ ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ ಗಂಟೆಗೆ 100 ಕಿಲೋಮೀಟರ್, ಕ್ಯಾಮೆರಾಗಳೂ ಇವೆ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ 130 ಮೀರಿದರೆ ಎಫ್‌ಐಆರ್ ಎಂದು ಪೊಲೀಸರು ಹೇಳಿದ್ದಾರೆ. ಮೂರನೆಯ ಗೇರಿನಲ್ಲೇ ಅದನ್ನು ದಾಟಬಲ್ಲ ಕಾರಿಗೆ ನೇರ ರಸ್ತೆಯಲ್ಲಿ ಮಾಡಲು ಕೆಲಸವಿಲ್ಲ. ಇದರ ಕೆಲಸ ತಿರುವುಗಳಲ್ಲಿದೆ. ಮೂಡಿಗೆರೆಯಿಂದ ಸಕಲೇಶಪುರದ ಕಡೆಗೆ ಕಾಫಿ ತೋಟಗಳ ನಡುವೆ ಸಾಗುವ ರಸ್ತೆಗಳಲ್ಲಿ, ವೇಗಮಾಪಕ ಐವತ್ತು ಅರವತ್ತರ ಆಚೀಚೆ ಇರುವಾಗಲೇ, ಭಾರವೆಲ್ಲ ಕಾರಿನ ನಡುವೆ ಇರುವುದರ ಅರ್ಥ ಸೊಂಟಕ್ಕೆ ತಿಳಿಯುತ್ತದೆ: ಸ್ಟಿಯರಿಂಗ್ ತಿರುಗಿಸಿದ ಕ್ಷಣವೇ ಕಾರು ಮೂತಿಯಿಂದ ಎಳೆಯದೆ, ಬಾಲದಿಂದ ತಳ್ಳದೆ, ನಾವು ಕೂತಲ್ಲಿಂದಲೇ ತಿರುಗುತ್ತದೆ. ಗಂಟೆಗೆ 50 ಕಿಲೋಮೀಟರಿನ ಒಳಗೆ ಓಡುತ್ತಿರುವಾಗಲೂ ಗುಂಡಿ ಒತ್ತಿದರೆ ಸುಮಾರು ಒಂಬತ್ತು ಸೆಕೆಂಡಿನಲ್ಲಿ ಛಾವಣಿ ಮಡಚಿಕೊಳ್ಳುತ್ತದೆ. ಆಗ ಬೆನ್ನ ಹಿಂದಿನ ಆರು ಸಿಲಿಂಡರುಗಳ ಸದ್ದು, ತೋಟದ ಕಡೆಯಿಂದ ಬರುವ ಜೀರುಂಡೆಯ ಸದ್ದು ಎರಡೂ ಒಟ್ಟಿಗೇ ಕೇಳುತ್ತವೆ. ಇಂಥ ಓಡಾಟವನ್ನು ಮೀಟರಿನ ಅಂಕಿ ಏರುತ್ತದೆಂದು ತಪ್ಪಿಸುವವರು ಪ್ರತಿ ವರ್ಷ ಕಾರಿನ ಬೆಲೆಯನ್ನೂ ಕಳೆದುಕೊಳ್ಳುತ್ತಾರೆ, ಕಾರನ್ನೂ ಕಳೆದುಕೊಳ್ಳುತ್ತಾರೆ ಎಂದು ನನಗೆ ಅನಿಸುತ್ತದೆ.

ಖರ್ಚಿನ ಲೆಕ್ಕ ಇಷ್ಟು: ಆಯಿಲ್ ಸರ್ವಿಸ್, ಆಗಾಗ ಒಂದೆರಡು ಬಿಡಿಭಾಗ, ಟೈರಿಗೆಂದು ಎತ್ತಿಡುವ ಹಣ ಸೇರಿ ವರ್ಷಕ್ಕೆ ಎರಡು ಲಕ್ಷದ ಆಸುಪಾಸು, ಇನ್ಶೂರೆನ್ಸ್ ಬೇರೆ. ಹಿಂದಿನ ಟೈರಿನ ಅಳತೆ 265/45 ಆರ್18. ಪೋರ್ಷೆ ಒಪ್ಪಿದ ‘ಎನ್’ ಗುರುತಿನದು ಬೇಕೆಂದರೆ ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಇನ್ಶೂರೆನ್ಸ್‌ನಲ್ಲಿ ಐದು ವರ್ಷ ದಾಟಿದ ಕಾರಿನ ಐಡಿವಿಗೆ (ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಗರಿಷ್ಠ ಮೊತ್ತಕ್ಕೆ) ಸಿದ್ಧಪಟ್ಟಿಯಿಲ್ಲ, ಕಂಪನಿಯೂ ಮಾಲೀಕರೂ ಒಪ್ಪಿದ ಮೊತ್ತವೇ ಲೆಕ್ಕ. ಆದ್ದರಿಂದ ಏಜೆಂಟರು ಪ್ರೀಮಿಯಂ ಕಡಿಮೆ ತೋರಿಸಲು ಐಡಿವಿ ಇಳಿಸಿ ಕಳುಹಿಸಿದರೆ ಒಪ್ಪಬೇಡಿ. ಮಾರುಕಟ್ಟೆಯಲ್ಲಿ ಅದೇ ವರ್ಷದ ಕಾರುಗಳ ಬೆಲೆಯನ್ನು ತೋರಿಸಿ ಏರಿಸಿಕೊಳ್ಳಿ.

ಮುಂದಿನ ದೊಡ್ಡ ಖರ್ಚು 2028ರಲ್ಲಿ ಬರುತ್ತದೆ. ಅಂದಿಗೆ ನೋಂದಣಿಯ 15 ವರ್ಷ ಮುಗಿದು, ಕಾರನ್ನು ತಪಾಸಣೆಗೆ ಒಯ್ದು ಐದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಆಮದಾದ ನಾಲ್ಕು ಚಕ್ರದ ವಾಹನಕ್ಕೆ ಆ ಶುಲ್ಕವನ್ನು 2022ರ ಏಪ್ರಿಲ್‌ನಿಂದ 40,000 ರೂಪಾಯಿಗೆ ಏರಿಸಿದ್ದಾರೆ. ಮುಂದಿನ ಬ್ರೇಕ್ ಡಿಸ್ಕ್‌ಗಳೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಸವೆದು ಮುಗಿಯುವ ಅಂದಾಜಿದೆ. ಎರಡೂ ಒಂದೇ ವರ್ಷಕ್ಕೆ ಬರುವುದು ಬೇಡವೆಂದು ಡಿಸ್ಕ್ ಕೆಲಸವನ್ನು ಈ ಮಳೆಗಾಲ ಮುಗಿಯುತ್ತಲೇ ಮಾಡಿಸುವವನಿದ್ದೇನೆ.